ಗಂಟು ಹಾಕದ ರೇಷ್ಮೆ ದಾರ

ಬಳ್ಳಾರಿ ಕಂಟೋನ್ಮೆಂಟಿನ ದೊರೆಯೊಬ್ಬ ದೇಶ ಬಿಟ್ಟು ಹೋಗುವಾಗ ಆಳುಗಳಿಗೆ ಕುರ್ಚಿ, ಕೋಟು, ಗಡಿಯಾರ ಹಂಚಿದ. ಕೆಂಚಣ್ಣನ ಪಾಲಿಗೆ ಬಂದದ್ದು ಮೀನು ಹಿಡಿಯುವ ಕೋಲು ಮತ್ತು ಅದರ ಬುಡಕ್ಕೆ ಸಿಗಿಸುವ, ದಾರ ಸುತ್ತುವ ಹಿತ್ತಾಳೆ ರಾಟೆ. ಹೆಂಡತಿ ಹುಲುಗಮ್ಮ ಹಣೆ ಚಚ್ಚಿಕೊಂಡಳು. ಕೆಂಚಣ್ಣನ ಕಾಲು ಮಾತ್ರ ಅವತ್ತು ನೆಲದ ಮೇಲೆ ಇರಲಿಲ್ಲ.

ಸಿರುಗುಪ್ಪದ ಹೊಳೆಯಲ್ಲಿ ದೊರೆಗೆ ಮೀನು ಸಿಕ್ಕಾಗಲೆಲ್ಲ ಆ ರಾಟೆ ಕಿರ್ರೆಂದು ಹಾಡುತ್ತಿತ್ತು. ಬುತ್ತಿ ಹೊತ್ತು ದಂಡೆಯಲ್ಲಿ ನಿಂತ ಕೆಂಚಣ್ಣನ ಮೈ ಜುಮ್ಮೆನ್ನುತ್ತಿತ್ತು. ಒದ್ದೆ ದಾರವನ್ನು ಬಂಗಲೆಯ ಕಂಬದಿಂದ ಕಂಬಕ್ಕೆ ಎಳೆದು ಒಣಗಿಸಿ, ಮತ್ತೆ ಸುತ್ತುವುದಷ್ಟೇ ಅವನ ಕೆಲಸ. ಕೋಲು ಬೀಸುವ ಭಾಗ್ಯ ಒಂದು ದಿನವೂ ಬರಲಿಲ್ಲ. ಒಂದೇ ಒಂದು ಸಲ ಆ ಹಾಡು ತನ್ನ ಕೈಯಲ್ಲಿ ಏಳಬೇಕು, ಮೀನು ತನ್ನ ಕೈಗೆ ಬರಬೇಕು. ದೊರೆ ಹೋದ ಮೇಲೆ ಹತ್ತಿ ಜಿನ್ನಿನಲ್ಲಿ ಕೂಲಿಗೆ ಸೇರಿ ಅಂಡಿಗೆ ಹೊರುವಾಗಲೂ ಅವನಿಗೆ ಅದೇ ಧ್ಯಾನ.

ಅಷ್ಟರಲ್ಲಿ ರಾಟೆಯ ಹಳೆಯ ದಾರ ಲಡ್ಡಾಗಿ, ಮುಟ್ಟಿದರೆ ಹರಿಯುತ್ತಿತ್ತು. ಪೇಟೆಯವರು ಗಾಳಿಪಟದ ದಾರ ತೋರಿಸಿ ನಕ್ಕರು. ಯಾರೋ ಕುರುಗೋಡಿನ ವೀರಭದ್ರಮ್ಮನ ಹೆಸರು ಹೇಳಿದರು. ಲಿಂಗ ಧರಿಸುವವರಿಗೆ ರೇಷ್ಮೆಯಲ್ಲಿ ಶಿವದಾರ ಹೊಸೆದುಕೊಡುವ ಮುದುಕಿ. ಎತ್ತು ಜಗ್ಗಿದರೂ ಅವಳ ದಾರ ಹರಿಯದು ಎಂಬ ಮಾತಿತ್ತು.

ಕೆಂಚಣ್ಣ ಅವಳ ಕಟ್ಟೆಯ ಕೆಳಗೆ ನಿಂತು ಕೈಮುಗಿದ. "ಈ ಓಣಿ ಸುತ್ತಿ ಬರೂವಷ್ಟು ದಾರ ಬೇಕಾಗಿತ್ತ್ರೀ, ಅವ್ವಾರ."

"ಅಷ್ಟುದ್ದ ಯಾತಕ್ಕಪ್ಪಾ?"

ಮೀನು ಎಂಬ ಮಾತು ಆ ಕಟ್ಟೆಯ ಮುಂದೆ ಅವನ ಬಾಯಿಗೆ ಬರಲಿಲ್ಲ. "ಹರಕಿ ಐತ್ರೀ," ಎಂದುಬಿಟ್ಟ.

ಹರಕೆ ಎಂದರೆ ಸಾಕು, ಆ ತಾಯಿ ಬೆಳಿಗ್ಗೆ ಬಾಯಿಗೆ ನೀರೂ ಹಾಕದೆ ಕೂತು ಹೊಸೆದಳು. ಮುಗಿದ ಮೇಲೆ ಉಂಡೆಯನ್ನು ಮೇಲಿನಿಂದ ಅವನ ಟವೆಲಿಗೆ ಬಿಟ್ಟು, "ಕೊರಳಿಗೆ ಏರೂತನ ನಾವು ದಾರಕ್ಕ ಗಂಟು ಹಾಕಂಗಿಲ್ಲ, ನಮ್ಮ ಮನಿ ಪದ್ಧತಿ. ನೀನೂ ಹರಕಿ ತೀರೂತನ ಹಾಕಬ್ಯಾಡ. ಮಾತು ಕೊಡು," ಎಂದಳು. ಕೊಟ್ಟ.

ಮನೆಯಲ್ಲಿ ಹುಲುಗಮ್ಮ ಒದ್ದೆ ಬಟ್ಟೆಯ ತುಂಡಿನಲ್ಲಿ ದಾರ ಅಮುಕಿ ಹಿಡಿದು ಕೂತಳು. "ಬಿಗೀ ಹಿಡಿ, ಸಡ್ಲ ಬಿಟ್ರ ಸುತ್ತಿನಾಗ ಸುತ್ತು ಹೂತ್ಕೊಂತೈತಿ," ಎಂದು ಗದರುತ್ತ ಕೆಂಚಣ್ಣ ರಾಟೆ ತಿರುವಿದ. ಹಳೆಯ ದಾರ ಚೂರುಚೂರಾಗಿ ಉದುರಿದ ಮೇಲೆ ರಾಟೆಯ ಬರಿಮೈಯನ್ನು ಅವನು ಕಂಡದ್ದು ಅಂದೇ ಮೊದಲು. ಒಣಗಿಸುವಾಗ ತಳದ ಸುತ್ತುಗಳನ್ನು ಬಿಚ್ಚಲು ದೊರೆ ಬಿಡುತ್ತಲೇ ಇರಲಿಲ್ಲ. ಸುತ್ತಲು ಶುರು ಮಾಡುವಾಗ ದಾರದ ತುದಿಯನ್ನು ಅಲ್ಲಿ ಕಟ್ಟಬೇಕೋ ಏನೋ ಎಂದು ಒಂದು ಗಳಿಗೆ ಅನ್ನಿಸಿತು. ಮಾತು ನೆನಪಾಗಿ ಕೈ ಹಿಂದೆಗೆದ. ತುದಿಯ ಮೇಲೆಯೇ ಬಿಗಿಯಾಗಿ ಸುತ್ತಿದ. ಗಾಳವನ್ನೂ ಗಂಟಿಲ್ಲದೆ, ಮೇಣದ ನೂಲಿನಿಂದ ಒತ್ತಾಗಿ ಸುತ್ತಿ ಕೂರಿಸಿದ. ಇಷ್ಟುದ್ದದ ದಾರವನ್ನು ಯಾವ ಮೀನು ಪೂರ್ತಿ ಎಳೆದೀತು!

ಮಳೆಗಾಲ ಕಳೆದು ನೀರು ತಿಳಿಯಾದಾಗ ಗಂಡ ಹೆಂಡತಿ ಸಿರುಗುಪ್ಪಕ್ಕೆ ಹೋದರು. ಬೆಳಗಿನ ಮಂಜಿನಲ್ಲಿ ಹೊಳೆಯೇ ನಿದ್ದೆಗಣ್ಣಲ್ಲಿತ್ತು. ಆಚೆ ದಡ ಇದೆಯೋ ಇಲ್ಲವೋ ತಿಳಿಯದು. ಕೆಂಚಣ್ಣ ಗಾಳ ಬೀಸಿ ಮಂಡಿಯುದ್ದ ನೀರಲ್ಲಿ ನಿಂತ. ಕಾಲಡಿಯ ಮರಳು ಮೆಲ್ಲಗೆ ಜಾರುತ್ತಿತ್ತು. ತಾನು ನಿಂತಿದ್ದೇನೋ, ತೇಲಿ ಹೋಗುತ್ತಿದ್ದೇನೋ ಎಂಬುದೂ ಅವನಿಗೆ ಮರೆತುಹೋಯಿತು.

ಕೋಲು ಬಾಗಿತು. ರಾಟೆ ಹಾಡಿತು.

ಅವನು ತಡೆಯಲಿಲ್ಲ, ತಡೆಯಲು ಮನಸ್ಸಾಗಲಿಲ್ಲ. ಹಾಡು ಮೊಣಕೈಗೆ ಏರಿತು, ಎದೆಗೆ ಇಳಿಯಿತು. ಮಂಜಿನೊಳಗೆ ಎಲ್ಲೋ ದೊಡ್ಡದೊಂದು ಜೀವ ತನ್ನನ್ನು ಕೈಹಿಡಿದು ಕರೆದೊಯ್ಯುತ್ತಿದೆ ಅನ್ನಿಸಿ ಅವನ ಕಣ್ಣು ತುಂಬಿತು. ಹಾಡು ಥಟ್ಟನೆ ನಿಂತಿತು. ಕೋಲು ನೆಟ್ಟಗಾಯಿತು. ದಾರದ ತುದಿ ಕೋಲಿನ ತಂತಿ ಬಳೆಗಳಿಂದ ಜಾರಿ ನೀರಿನೊಳಗೆ ಹೋಯಿತು.

"ಹರೀತೇನು?" ದಂಡೆಯಿಂದ ಹುಲುಗಮ್ಮ ಕೂಗಿದಳು.

"ಹರೀಲಿಲ್ಲ, ಪೂರಾ ಹೋತು. ತಳಕ್ಕ ಕಟ್ಟಿದ್ದಿಲ್ಲ. ಅವ್ವಗ ಮಾತು ಕೊಟ್ಟಿದ್ನಲ್ಲ."

"ಸುಳ್ಳು ಹೇಳಿ ದಾರ ತಂದಾವ, ಗಂಟಿನಾಗ ಮಾತ್ರ ಸತ್ಯವಂತ ಆದೇನು!"

ಅವನಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಬರಿದಾದ ರಾಟೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ದಂಡೆ ಹತ್ತಿದ.

"ನಡಿ, ಕುರುಗೋಡಿಗಿ ಹೋಗೂಣು."

"ಯಾಕ, ಬೈಸ್ಕೊಳ್ಳಾಕ?"

"ಬೈಲಿ. ಈ ಸಲ ಮೀನಿಗಂತನ ಕೇಳ್ತೀನಿ."