ಶೀಲಾವತಿಯ ಯಂತ್ರ ಮಲಗಿದ ಭಾನುವಾರ

ಮುಂಬಯಿಯ ಪರೇಲಿನ ಆ ಚಾಳಿನ ಕೆಳಸಾಲಿನ ಕೊನೆಯ ಖೋಲಿಯಲ್ಲಿ ಬೆಳಗು ಎರಡು ಸದ್ದುಗಳ ಜೊತೆ ಬರುತ್ತದೆ. ಒಂದು, ನಲ್ಲಿಯ ಕೆಳಗೆ ಕೊಡ ಇಡುವ ಸದ್ದು. ಇನ್ನೊಂದು, ಶೀಲಾವತಿಯ ಕಂಪ್ಯೂಟರ್ ಗಂಟಲು ಸರಿಮಾಡಿಕೊಂಡು ಏಳುವ ಸದ್ದು. ಆ ಭಾನುವಾರ ನಲ್ಲಿಯಲ್ಲಿ ನೀರು ಬಂತು, ಕಂಪ್ಯೂಟರ್ ಏಳಲಿಲ್ಲ.

ಹಿಂದಿನ ದಿನ ಕರೆಂಟು ಹೋಗಿ, ಬಂದು, ಮತ್ತೆ ಹೋಗಿ ಆಟವಾಡಿತ್ತು. ಈಗ ಕಪ್ಪು ಪರದೆಯ ಮೇಲೆ ಒಂದೇ ಒಂದು ಬಿಳಿ ಇಂಗ್ಲಿಷ್ ಸಾಲು. ಶೀಲಾವತಿ ಆರಿಸಿ ಹಾಕಿದಳು, ಹಾಕಿ ಆರಿಸಿದಳು. ಸಾಲು ಅಲುಗಲಿಲ್ಲ. ಮಲಾಡಿನಲ್ಲಿರುವ ಸೊಸೆ ಯಕ್ಷಿತಾಳಿಗೆ ಫೋನ್ ಹಚ್ಚಿದಳು.

"ಯಕ್ಷಿ, ಯಂತ್ರ ಏಳ್ತಾ ಇಲ್ಲ ಮಾರಾಯ್ತಿ. ಎಂತದೋ ಒಂದು ಸಾಲು ಬರೆದು ಸುಮ್ಮನೆ ಕೂತಿದೆ."

"ಫೋಟೋ ಕಳಿಸಿ ಅತ್ತೆ."

ಫೋಟೋ ಹೋಯಿತು. ಸ್ವಲ್ಪ ಹೊತ್ತಿಗೆ ಸೊಸೆಯ ನಗು ಕೇಳಿಸಿತು. "ಅತ್ತೆ, ಇದು ನಿಮ್ಮ ಹೆಬ್ಬೆರಳು. ಇದಕ್ಕೆ ಏನೂ ಆಗಿಲ್ಲ, ಏಕ್‌ದಂ ಮಸ್ತ್ ಉಂಟು. ಕಂಪ್ಯೂಟರಿನದು ಕಳಿಸಿ."

ಅವಳ ಹಿಂದಿನಿಂದ ಮಗ ಪ್ರಶಾಂತನ ದನಿ ತೂರಿ ಬಂತು. "ಅಮ್ಮಾ, ಆ ಡಬ್ಬಾವನ್ನು ಗುಜರಿಗೆ, ಭಂಗಾರಿನವನಿಗೆ ಕೊಟ್ಟುಬಿಡು. ಹೊಸ ಲ್ಯಾಪ್‌ಟಾಪ್ ತರ್ತೇನೆ ಅಂತ ಎಷ್ಟು ಸಲ ಹೇಳಿದೆ?"

"ನೀನು ಸುಮ್ಮನಿರು," ಎಂದವಳು ಶೀಲಾವತಿಯಲ್ಲ, ಯಕ್ಷಿತಾ. "ಅತ್ತೆ, ನಾನು ಬರ್ತೇನೆ."

ಶೀಲಾವತಿ ಫೋನ್ ಇಟ್ಟು ಯಂತ್ರದ ಎದುರೇ ಕೂತಳು. ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ಅದರ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು. ತಣ್ಣಗಿತ್ತು.

ಅವಳು ಉಡುಪಿ ಕಡೆಯವಳು. ಗಂಡ ಅಂಗಾರ ಫೋರ್ಟಿನ ಉಡುಪಿ ಹೋಟೆಲೊಂದರಲ್ಲಿ ದೋಸೆಕಾವಲಿಯ ಮುಂದೆ ನಿಂತೇ ಆಯುಷ್ಯ ಕಳೆದು ತೀರಿಕೊಂಡವನು. ಆ ಹೋಟೆಲಿನ ಹಿಂದಿನ ಗಲ್ಲಿಯಲ್ಲಿ ಒಂದು ಕನ್ನಡ ಪ್ರೆಸ್ ಇತ್ತು. ಅದರ ಧಣಿ ದಿನಾ ದೋಸೆಗೆ ಬರುತ್ತಿದ್ದರು. ಅಚ್ಚಿನ ಮೊಳೆ ಜೋಡಿಸುವವನು ಕೆಲಸ ಬಿಟ್ಟು ಹೋದ, ಈ ಮುಂಬಯಿಯಲ್ಲಿ ಕನ್ನಡ ಬಲ್ಲ ಕೈ ಎಲ್ಲಿಂದ ತರಲಿ ಎಂದು ಅವರು ಒಂದು ದಿನ ಗೋಳಾಡಿದಾಗ, ಅಂಗಾರ ಸಟ್ಟುಗ ನಿಲ್ಲಿಸದೆ ಹೇಳಿದ್ದ: "ನನ್ನ ಹೆಂಡತಿ ಹತ್ತನೇ ಓದಿದ್ದಾಳೆ ಧಣಿ. ಅಕ್ಷರ ಮುತ್ತಿನ ಹಾಗೆ. ಮನೆಯಲ್ಲಿ ನನ್ನ ತಪ್ಪು ತಿದ್ದುವ ಬದಲು ನಿಮ್ಮಲ್ಲಿ ಬಂದು ತಿದ್ದಲಿ."

ಹಾಗೆ ಹೋದವಳು ಸೀಸದ ಮೊಳೆಗಳ ಗೂಡುಗಳ ಮುಂದೆ ನಿಂತಳು. ಯಾವ ಅಕ್ಷರ ಯಾವ ಗೂಡಿನಲ್ಲಿ ಎಂಬುದು ಬೆರಳಿಗೇ ಗೊತ್ತಾಗುವವರೆಗೆ ನಿಂತಳು. ಆಮೇಲೆ ಕಂಪ್ಯೂಟರ್ ಬಂತು. ಮೊಳೆಗಳು ತೂಕಕ್ಕೆ ಹೋದವು. ನಿಂತವಳು ಕೂತಳು, ಬೆರಳುಗಳು ಹೊಸ ಗೂಡುಗಳನ್ನು ಕಲಿತವು. ಮುಪ್ಪಿನಲ್ಲಿ ಧಣಿ ಪ್ರೆಸ್ಸಿಗೆ ಬೀಗ ಹಾಕುವಾಗ ಆ ಕಂಪ್ಯೂಟರನ್ನು ಕೈಗಾಡಿಯಲ್ಲಿ ಇವಳ ಖೋಲಿಗೇ ಕಳಿಸಿದರು. ಜೊತೆಗೆ ಎರಡು ಡಿಸ್ಕುಗಳನ್ನು ತಾವೇ ತಂದು ಕೈಯಲ್ಲಿಟ್ಟರು. ಒಂದು ಹಳೆಯ ವಿಂಡೋಸ್, ಇನ್ನೊಂದು ಕನ್ನಡ ಅಕ್ಷರ ಜೋಡಿಸುವ ತಂತ್ರಾಂಶ. "ಇವು ಯಂತ್ರದ ಬೇರು ಶೀಲಾ. ಯಾವತ್ತಾದರೂ ಅದು ಬಿದ್ದರೆ ಎಬ್ಬಿಸುವುದು ಇವೇ. ಜೋಪಾನ."

ಅಂದಿನಿಂದ ವಸಯಿಯಿಂದ ಡೊಂಬಿವಲಿಯವರೆಗಿನ ಕನ್ನಡಿಗರ ಮದುವೆ, ಗೃಹಪ್ರವೇಶ, ಉತ್ತರಕ್ರಿಯೆಗಳೆಲ್ಲ ಈ ಖೋಲಿಯಲ್ಲಿ ಮೊದಲು ಅಕ್ಷರವಾಗುತ್ತಿದ್ದವು. ಈಚೆಗೆ ಬರುವವರು ಕಡಿಮೆ. ಆದರೂ ಬರುತ್ತಾರೆ. ಆ ತಂತ್ರಾಂಶ ಹಳೆಯ ವಿಂಡೋಸಿನಲ್ಲಿ ಬಿಟ್ಟರೆ ಬೇರೆಲ್ಲೂ ನಡೆಯದು. ಮಗನ ಲ್ಯಾಪ್‌ಟಾಪಿನಲ್ಲಿ ಒಮ್ಮೆ ಕನ್ನಡ ಬರೆಯಲು ಕೂತಿದ್ದಳು. ಬೇರೆಯವರ ಅಡುಗೆಮನೆಯಲ್ಲಿ ಉಪ್ಪು ಹುಡುಕಿದಂತಾಗಿತ್ತು. ಯಂತ್ರ ಏಳದಿದ್ದರೆ ತಾನು ಇನ್ನು ಕೆಲಸ ಮುಗಿಸಿದ ಹಾಗೆ ಎಂದು ಅವಳು ಯಾರಿಗೂ ಹೇಳದೆ ಮನಸ್ಸಿನಲ್ಲಿ ಬರೆದುಕೊಂಡಿದ್ದಳು.

ಈ ಸಲ ಮಾತು ಕೊಟ್ಟದ್ದು ಬಸಲಿಂಗವ್ವನಿಗೆ. ಕಲಬುರಗಿ ಕಡೆಯ, ಗಂಡನಿಲ್ಲದ ಹೆಂಗಸು, ಮಲಾಡಿನ ಬಿಲ್ಡಿಂಗುಗಳಿಗೆ ಇಟ್ಟಿಗೆ ಹೊತ್ತವಳು, ಈಗ ಅಲ್ಲೇ ಒಂದು ತಂಡದ ಮುಕಾದಮಳು. ಮಗಳು ಶಿವಕುಮಾರಿಯ ಮದುವೆ. ಸ್ಟೇಷನ್ನಿನ ಪಕ್ಕದ ಅಂಗಡಿಯವನು ಲಗ್ನಪತ್ರಿಕೆಯನ್ನು ಹಿಂದಿಯಲ್ಲಿ ಮಾಡಿಕೊಡುತ್ತೇನೆ ಅಂದಿದ್ದನಂತೆ. "ನಮ್ಮ ಮನಿ ದೇವರಿಗಿ ಹಿಂದಿ ಬರಂಗಿಲ್ರೀ ಅಕ್ಕಾರ," ಎಂದು ಹುಡುಕಿಕೊಂಡು ಪರೇಲಿಗೆ ಬಂದಿದ್ದಳು. ಮೊದಲ ಪತ್ರಿಕೆ ಊರಿನ ದೇವರ ಮುಂದೆ ಇಡಬೇಕು. ಸೋಮವಾರ ಸಂಜೆಯ ರೈಲಿಗೆ ಹೊರಡುವವಳು. ಸೋಮವಾರ ಬೆಳಿಗ್ಗೆ ಅಚ್ಚಿಗೆ ಕೊಡಬೇಕಾದರೆ ಇವತ್ತು ಅಕ್ಷರ ಜೋಡಿಸಿ ಮುಗಿಯಬೇಕಿತ್ತು.

ಯಕ್ಷಿತಾ ಬಂದಾಗ ಬಿಸಿಲು ಏರಿತ್ತು. "ಮೆಗಾಬ್ಲಾಕ್ ಅತ್ತೆ, ಹಳಿ ರಿಪೇರಿ, ಲೋಕಲ್‌ನಲ್ಲಿ ನಿಂತು ನಿಂತು ನಾನೇ ಇಡ್ಲಿ ಆದೆ," ಎಂದು ಚಪ್ಪಲಿ ಬಿಚ್ಚುತ್ತಲೇ ಯಂತ್ರದ ಮುಂದೆ ಕೂತಳು. ಬೊರಿವಲಿಯಲ್ಲಿ ಹುಟ್ಟಿ ಬೆಳೆದ ಹುಡುಗಿ. ಒಂದು ಕಚೇರಿಯಲ್ಲಿ ಕಂಪ್ಯೂಟರುಗಳ ಕಾಯಿಲೆ ನೋಡುವುದೇ ಕೆಲಸ. ಕನ್ನಡ ಪೂರಾ ಅರ್ಥವಾಗುತ್ತದೆ. ಬಾಯಿಗೆ ಬರುವಾಗ ಮಾತ್ರ ನಡುವೆ ಹಿಂದಿಯ ಹಲಗೆ ಹಾಕಿಕೊಂಡು ದಾಟುತ್ತಾಳೆ.

ಮೊದಲು ಪೆನ್‌ಡ್ರೈವ್ ಚುಚ್ಚಿದಳು. ಯಂತ್ರ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. "ಬಹುತ್ ಪುರಾನಾ. ಇದರ ಕಾಲದಲ್ಲಿ ಪೆನ್‌ಡ್ರೈವ್‌ನಿಂದ ಎದ್ದೇಳುವ ಸಿಸ್ಟಮೇ ಇರ್ಲಿಲ್ಲ." ಆಫೀಸಿನಿಂದ ತಂದ ಡಿವಿಡಿ ಹಾಕಿದಳು. ಅದೂ ಇಲ್ಲ. ಡ್ರೈವಿನ ಮುಖದ ಮೇಲಿನ ಬರಹ ಓದಿ ಹಣೆ ಚಚ್ಚಿಕೊಂಡಳು. ಇದು ಬರೀ ಸಿಡಿ ಓದುವ ಡ್ರೈವು, ಡಿವಿಡಿ ಇದಕ್ಕೆ ದಕ್ಕದು.

"ಹಳೇ ಸಿಡಿ ಉಂಟಲ್ಲಾ ಅತ್ತೆ? ಒರಿಜಿನಲ್?"

ಇಲ್ಲದೆ ಏನು? ಶೀಲಾವತಿ ದೇವರ ಗೂಡಿನಿಂದ ರೇಷ್ಮೆ ಬಟ್ಟೆಯಲ್ಲಿ ಸುತ್ತಿದ ಡಿಸ್ಕುಗಳನ್ನು ತಂದಳು. ಯಕ್ಷಿತಾ ಪರದೆಯಿಂದ ಕಣ್ಣು ತೆಗೆಯದೆಯೇ ಕೈ ಚಾಚಿ ವಿಂಡೋಸಿನ ಡಿಸ್ಕನ್ನು ಒಳಗೆ ತಳ್ಳಿದಳು. ಡ್ರೈವು ಗರಗರ ಎಂದಿತು, ನಿಂತಿತು, ಮತ್ತೆ ಗರಗರ ಎಂದು ಸೋತಿತು. ಅದೇ ಬಿಳಿ ಸಾಲು.

"ಆರ್ಡರ್ ತಪ್ಪಿರ್ಬೇಕು," ಎಂದು ಯಂತ್ರ ಹಾಕುತ್ತಲೇ ಡಿಲೀಟ್ ಕೀಯನ್ನು ಟಕಟಕ ಒತ್ತಿದಳು. ನೀಲಿ ಪರದೆ ತೆರೆಯಿತು. "ನೋಡಿ, ಎದ್ದ ಕೂಡ್ಲೇ ಯಾರ ಬಾಗಿಲು ಮೊದಲು ತಟ್ಟಬೇಕು ಅಂತ ಇಲ್ಲಿ ಬರೆದಿರ್ತದೆ. ಹಾರ್ಡ್ ಡಿಸ್ಕ್ ಮೊದಲು ಉಂಟು. ಅವನ ಮನೆಯಲ್ಲಿ ಯಾರೂ ಇಲ್ಲ. ಸಿಡಿಯನ್ನು ಮೇಲೆ ತಂದೆ. ಅಬ್ ದೇಖೋ."

ನೋಡಿದರು. ಗರಗರ. ಬಿಳಿ ಸಾಲು.

ಯಕ್ಷಿತಾ ಪೆಟ್ಟಿಗೆ ಬಿಚ್ಚಿ ಧೂಳು ಕೊಡವಿದಳು, ತಂತಿಗಳನ್ನು ಕಿತ್ತು ಮತ್ತೆ ಸಿಕ್ಕಿಸಿದಳು. ಮತ್ತೆ ಅದೇ. ಅವಳ ಹುಮ್ಮಸ್ಸು ಇಳಿಯುವುದು ಹೆಗಲಿನಲ್ಲಿ ಕಂಡಿತು. "ಡ್ರೈವೇ ಹೋಗಿರ್ಬೇಕು ಅತ್ತೆ. ಇಂಥಾದ್ದು ಈಗ ಎಲ್ಲಿ ಸಿಗ್ತದೆ? ಅದೂ ಸಂಡೇ."

ಶೀಲಾವತಿ ಬಸಲಿಂಗವ್ವನಿಗೆ ಏನು ಹೇಳುವುದೆಂದು ಹುಡುಕುತ್ತಿದ್ದಳು. ಡ್ರೈವಿನ ಮುಖವನ್ನೇ ನೋಡುತ್ತಿದ್ದವಳಿಗೆ ಅಲ್ಲಿದ್ದ ಸಣ್ಣ ತೂತು, ಪಕ್ಕದ ಗುಂಡಿ ಕಣ್ಣಿಗೆ ಬಿತ್ತು. ಅಂಗಾರನ ರಜೆಯ ಮಧ್ಯಾಹ್ನಗಳು ನೆನಪಾದವು. ಇವಳು ಅಕ್ಷರ ಜೋಡಿಸುತ್ತಿದ್ದರೆ ಅವನು ಪಕ್ಕದಲ್ಲಿ ಮಣೆ ಹಾಕಿ ಕೂತು, ಆ ತೂತಿಗೆ ಇಯರ್‌ಫೋನಿನ ತಂತಿ ಚುಚ್ಚಿ ಭಜನೆ ಕೇಳುತ್ತಿದ್ದ. ತಾಳ ತಪ್ಪಿಸಿ ತೊಡೆ ತಟ್ಟುತ್ತಿದ್ದ.

"ಇದರಲ್ಲಿ ಹಾಡು ಬರ್ತಿತ್ತು ಯಕ್ಷಿ. ಸೀದಾ ಇಲ್ಲಿಂದ. ಪರದೆ ಗಿರದೆ ಎಂತದೂ ಬೇಡ."

ಯಕ್ಷಿತಾಳ ಕಣ್ಣು ಅರಳಿತು. "ಅರೆ! ಹಾಗಾದ್ರೆ ಚೆಕ್ ಮಾಡ್ಬಹುದು!"

ಟ್ರಂಕಿನಿಂದ ಅಂಗಾರನ ಇಯರ್‌ಫೋನು, ಭಜನೆಯ ಡಿಸ್ಕು ಹೊರಬಂದವು. ಅತ್ತೆಗೆ ಒಂದು ಕಿವಿ, ಸೊಸೆಗೆ ಒಂದು ಕಿವಿ. ತಂತಿ ಗಿಡ್ಡ, ಇಬ್ಬರೂ ಕೆನ್ನೆಗೆ ಕೆನ್ನೆ ಹಚ್ಚಿ ಡ್ರೈವಿನ ಮುಂದೆ ಬಗ್ಗಿದರು. ಗುಂಡಿ ಒತ್ತಿದಾಗ ಮೊದಲು ಬರೀ ಗಾಳಿ. ಆಮೇಲೆ ದೂರದಿಂದೆಂಬಂತೆ ಹಾರ್ಮೋನಿಯಂ, ಅದರ ಬೆನ್ನಿಗೆ ತಬಲ. ಶೀಲಾವತಿಯ ಕೈ ತಾನಾಗಿ ತೊಡೆಯ ಮೇಲೆ ಬಿತ್ತು. ತಾಳ ತಪ್ಪಿಯೇ ಬಿತ್ತು.

"ಡ್ರೈವ್ ಜಿಂದಾ ಹೈ ಅತ್ತೆ!" ಎಂದು ಯಕ್ಷಿತಾ ಹಾರಿದ ರಭಸಕ್ಕೆ ಇಬ್ಬರ ಕಿವಿಯಿಂದಲೂ ತಂತಿ ಕಿತ್ತು ಬಂತು. "ಹಾಗಾದ್ರೆ ತಪ್ಪು ಡಿಸ್ಕಿನದ್ದು."

ಅವಳು ಆ ವಿಂಡೋಸ್ ಡಿಸ್ಕನ್ನು ಎತ್ತಿ, ಈಗ ಮೊದಲ ಸಲ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು. ಹೊಳೆಯುವ ಬದಿಯ ತುಂಬ ಬಿಳಿಹಳದಿ ಹಕ್ಕಳೆ, ಅದರ ಮೇಲೆ ಕೆಂಪು ಬೊಟ್ಟು.

"ಇದೆಂತ ಅತ್ತೆ?"

"ಗಂಧ. ಮೇಲಿಂದ ಕುಂಕುಮ."

"ಸಿಡಿಗೆ?"

"ಆಯುಧಪೂಜೆಗೆ ಹಚ್ಚುವುದು. ಹೋಟೆಲಲ್ಲಿ ಗ್ರೈಂಡರಿಗೂ ಹಚ್ಚುತ್ತಿದ್ದರು, ಕಾವಲಿಗೂ ಹಚ್ಚುತ್ತಿದ್ದರು. ಯಂತ್ರದ ಬೇರಿಗೆ ಹಚ್ಚದೆ ಬಿಡ್ಲಿಕ್ಕೆ ಆಗ್ತದಾ? ಪ್ರತಿ ವರ್ಷ ಹಚ್ಚಿದ್ದೇನೆ."

"ಆದ್ರೆ ಈ ಸೈಡಿಗೆ ಯಾಕೆ? ಆ ಕಡೆ ಖಾಲಿ ಇತ್ತಲ್ಲಾ!"

"ಗಂಧ ಮುಖಕ್ಕಲ್ವಾ ಮಗಾ ಹಚ್ಚುವುದು?" ಶೀಲಾವತಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಬರೆದದ್ದು ಬೆನ್ನು. ಹೊಳೆಯುವುದು ಮುಖ. ನೋಡಿದರೆ ನಮ್ಮ ಮೋರೆಯೇ ಕಾಣ್ತದೆ."

ಯಕ್ಷಿತಾ ತುಟಿ ಕಚ್ಚಿ ತಡೆದಳು, ಆಗಲಿಲ್ಲ, ನೆಲದ ಮೇಲೆ ಕುಸಿದು ಕೂತು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಯಂತ್ರ ಓದೋದೇ ಆ ಮುಖದಿಂದ ಅತ್ತೆ! ನೀವು ಅದರ ಕಣ್ಣಿಗೇ ಗಂಧ ಮೆತ್ತಿದ್ದೀರಿ!"

ಶೀಲಾವತಿಯ ಮುಖ ಇಳಿಯಿತು. ಜೋಪಾನ ಅಂದಿದ್ದರು ಧಣಿ. ಅವಳಿಗೆ ಗೊತ್ತಿದ್ದ ಜೋಪಾನ ಇದೊಂದೇ. ಅದೇ ಅಡ್ಡ ನಿಂತಿತಲ್ಲ. ಯಕ್ಷಿತಾ ನಗು ನಿಲ್ಲಿಸಿ, ಮೊಣಕಾಲಲ್ಲೇ ಸರಿದು ಬಂದು ಅತ್ತೆಯ ಎರಡೂ ಕೈ ಹಿಡಿದಳು. "ಗಂಧ ಅಲ್ವಾ? ಗೀರು ಅಲ್ಲ. ತೊಳೆದರೆ ಹೋಗ್ತದೆ. ನನ್ನ ಆಫೀಸಲ್ಲಿ ಸಿಡಿಗಳನ್ನು ಚಹಾದ ಕಪ್ಪಿನ ಅಡಿಗೆ ಇಟ್ಟು ಹಾಳು ಮಾಡ್ತಾರೆ. ಪೂಜೆ ಮಾಡಿ ಹಾಳು ಮಾಡಿದವರು ಯಾರೂ ಇಲ್ಲ."

"ಪ್ರಶಾಂತನಿಗೆ ಹೇಳಬೇಡ."

"ಹೇಳದೆ ಇರ್ತೇನಾ? ಅವನಿಗೆ ಮೊದಲು ಫೋನ್!"

"ಹೋಗು, ಕತ್ತೆ," ಎಂದು ಶೀಲಾವತಿಯೂ ನಕ್ಕಳು.

ತೊಳೆದವಳು ಅವಳೇ. ಉಗುರುಬೆಚ್ಚಗಿನ ನೀರು, ಒಂದಿಷ್ಟು ಸಾಬೂನು. ನಡುವಿನಿಂದ ಅಂಚಿಗೆ, ಸೀದಾ, ಸುತ್ತು ಹಾಕದೆ ಒರೆಸಬೇಕು ಎಂದು ಸೊಸೆ ಹೇಳಿಕೊಟ್ಟಳು. ಹಳೆಯ ಮಲ್ಲಿನ ಸೀರೆಯ ಚೂರಿನಿಂದ, ಊಟ ಮೆತ್ತಿಕೊಂಡ ಕೂಸಿನ ಬಾಯಿ ಒರೆಸುವಂತೆ ಒರೆಸಿದಳು. ವರ್ಷವರ್ಷದ ಗಂಧ ನೆನೆದು ಬಿಡುವಾಗ ಬಚ್ಚಲೆಲ್ಲ ಒಮ್ಮೆ ಘಮ್ಮೆಂದಿತು. ಇನ್ನೊಂದು ಡಿಸ್ಕಿಗೂ ಅದೇ ಸ್ನಾನವಾಯಿತು.

ಈ ಸಲ ಡ್ರೈವು ಗರಗರ ಎನ್ನಲಿಲ್ಲ. ಒಂದೇ ಸಮನೆ ಗುಂಯ್ ಎಂದಿತು. ಪರದೆಯ ಮೇಲೆ ಹೊಸ ಸಾಲು ಮೂಡಿತು.

"ಒತ್ತಿ ಅತ್ತೆ, ಒತ್ತಿ! ಯಾವ್ದಾದ್ರೂ ಕೀ!"

"ಯಾವುದು?"

"ಯಾವ್ದಾದ್ರೂ!"

ಶೀಲಾವತಿಯ ಬೆರಳುಗಳು ಕೀಲಿಮಣೆಯ ಮೇಲೆ ತೇಲಿ ನಿಂತವು. ಒಂದೊಂದು ಕೀಯೂ ಒಂದೊಂದು ಅಕ್ಷರ. ಯಾವುದಾದರೂ ಎಂಬ ಕೀ ಅವಳ ಬದುಕಿನಲ್ಲಿ ಇದುವರೆಗೆ ಇರಲಿಲ್ಲ. ಅವಳು ಆರಿಸುವಷ್ಟರಲ್ಲಿ ಸಾಲು ಅಳಿಸಿಹೋಯಿತು.

"ಅತ್ತೇ!"

"ನೀನು ಹೆಸರು ಹೇಳಬೇಕಿತ್ತು!"

ಮತ್ತೆ ಹಾಕಿದರು. ಈ ಸಲ ಶೀಲಾವತಿ ಮೊದಲೇ ನಿರ್ಧರಿಸಿದ್ದಳು. ಪತ್ರಿಕೆಗಳೆಲ್ಲ ಶ್ರೀಕಾರದಿಂದ ಶುರುವಾಗುತ್ತವೆ, ಶ್ರೀಕಾರ ಯಾವ ಕೀಯಿಂದ ಶುರುವಾಗುತ್ತದೋ ಅದರ ಮೇಲೆ ಬೆರಳಿಟ್ಟು ಕಾದಿದ್ದಳು. ಸಾಲು ಮೂಡಿತು. ಒತ್ತಿದಳು. ಪರದೆ ನೀಲಿಯಾಯಿತು. ವಿಂಡೋಸ್ ಒಂದೊಂದೇ ಗಂಟು ಬಿಚ್ಚಿ ಒಳಗೆ ಇಳಿಯತೊಡಗಿತು. ಅದು ಇಳಿಯುತ್ತಿದ್ದಂತೆ ಅವಳು ಗೋಳಿಬಜೆ ಕರಿದಳು, ಯಕ್ಷಿತಾ ಬಿಸಿಬಿಸಿಯಾಗಿ ತಿಂದು ಬಾಯಿ ಸುಟ್ಟುಕೊಂಡಳು.

ಬಸಲಿಂಗವ್ವ ಬಂದದ್ದು ಕಿಟಕಿಯ ಬಿಸಿಲು ಗೋಡೆ ಹತ್ತಿದ ಮೇಲೆ. ಕನ್ನಡದ ತಂತ್ರಾಂಶವೂ ಅಷ್ಟರಲ್ಲಿ ಕೂತಾಗಿತ್ತು. "ಆಯ್ತೇನ್ರೀ ಅಕ್ಕಾರ?" ಎಂದು ಹೊಸ್ತಿಲಲ್ಲೇ ಕೇಳಿದಳು.

"ಈಗ ಆಗ್ತದೆ, ಬನ್ನಿ ಕೂತ್ಕೊಳ್ಳಿ," ಎಂದಳು ಶೀಲಾವತಿ. ಮೊದಲ ಅಕ್ಷರ ಪರದೆಯ ಮೇಲೆ ಮೂಡುವವರೆಗೂ ಉಸಿರು ಹಿಡಿದಿದ್ದಳು. ಮೂಡಿತು. ಆಮೇಲೆ ಬೆರಳುಗಳು ಅವಳನ್ನು ಕೇಳಲಿಲ್ಲ.

ಬಸಲಿಂಗವ್ವ ಹೇಳುತ್ತಾ ಹೋದಳು, ಶೀಲಾವತಿ ಕೂರಿಸುತ್ತಾ ಹೋದಳು. ವರ, ವಧು, ಮುಹೂರ್ತ, ಊರು. ಕರೆಯುವವರ ಹೆಸರಿಗೆ ಬಂದಾಗ ಕೈ ನಿಂತಿತು. "ಇಲ್ಲಿ ಯಾರ ಹೆಸರು ಹಾಕ್ಲಿ? ನಿಮ್ಮ ಮೈದುನರದ್ದಾ?"

"ಮೈದುನ ಅಣವೀರಪ್ಪಂದು ಕೆಳಗ ಇರ್ಲಿ. ಮ್ಯಾಲ ನಂದ ಹಾಕ್ರಿ. ಮಂದಿ ಏನರ ಅನ್ಲಿ. ಇಟ್ಟಿಗಿ ಹೊತ್ತಾಕಿ ನಾನು, ಕರಿಯಾಕಿನೂ ನಾನ."

ಶೀಲಾವತಿ ಅವಳ ಮುಖವನ್ನೊಮ್ಮೆ ನೋಡಿ, ಬಸಲಿಂಗವ್ವ ಎಂದು ಜೋಡಿಸಿದಳು. "ಇಗೊಳ್ಳಿ, ಇದೇ ನೀವು."

ಬಸಲಿಂಗವ್ವ ಓದಲಾರಳು. ಆದರೆ ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು. "ಇಷ್ಟ ಸಣ್ಣಾಕಿ ಏನ್ರೀ ನಾ?"

ಯಕ್ಷಿತಾ ಕಿಸಕ್ಕನೆ ನಕ್ಕಳು. ಶೀಲಾವತಿ ಅಕ್ಷರವನ್ನು ಒಂದು ಅಳತೆ ದೊಡ್ಡದು ಮಾಡಿದಳು.

"ಇನ್ನಾ ಸ್ವಲ್ಪ."

ಮಾಡಿದಳು.

"ಇನ್ನಾ ಒಂಚೂರು ನೋಡ್ರಿ."

"ಅತ್ತೆ, ಮದುಮಗಳಿಗಿಂತ ದೊಡ್ಡದಾಯ್ತು," ಎಂದಳು ಯಕ್ಷಿತಾ.

"ಆಗ್ಲಿ ಬಿಡವ್ವಾ. ಅಕಿನ್ನ ಹಡದಾಕಿ ನಾನ ಅಲ್ಲೇನು?"

ಪ್ರೆಸ್ಸಿನ ಧಣಿ ಇದ್ದಿದ್ದರೆ ಒಪ್ಪುತ್ತಿರಲಿಲ್ಲ. ಪತ್ರಿಕೆಯಲ್ಲಿ ಮದುಮಗಳಿಗಿಂತ ಮಿಗಿಲಾದ ಅಕ್ಷರ ಯಾರಿಗೂ ಸಲ್ಲದು ಎಂದು ಕಲಿಸಿದವರು ಅವರು. ಶೀಲಾವತಿ ಒಂದು ಗಳಿಗೆ ಯೋಚಿಸಿದಳು. ಆಮೇಲೆ ಬಸಲಿಂಗವ್ವನ ಹೆಸರನ್ನು ಇದ್ದ ಹಾಗೇ ಬಿಟ್ಟು, ಮೇಲಿನ ಸಾಲಿನ ಮದುಮಗಳು ಶಿವಕುಮಾರಿಯನ್ನು ಆರಿಸಿ, ಅವಳನ್ನೂ ಒಂದು ಅಳತೆ ಬೆಳೆಸಿದಳು.