ಇಲ್ಲ ಅನ್ನುವುದು ಮೊದಲ ದರ

ಎರಡೂ ಮೊಣಕಾಲಿಗೆ ಸೇರಿ ಮೂರು ಲಕ್ಷ ಅರವತ್ತು ಸಾವಿರ. ಸವೆದ ಕೀಲು ತೆಗೆದು ಹೊಸದು ಕೂರಿಸುವುದಕ್ಕೆ ಕಲಬುರಗಿಯ ಆಸ್ಪತ್ರೆಯವರು ಬರೆದುಕೊಟ್ಟ ದರ ಅದು. ಆ ಚೀಟಿ ಹಿಡಿದಿದ್ದ ಕಮಲಾಪುರದ ಸಾಹುಕಾರರ ಬೆರಳುಗಳು ನನ್ನ ಕಣ್ಣಿಗೆ ಕಟ್ಟಿದಂತಿವೆ. ಐವತ್ತು ವರ್ಷ ಕೆಂಪು ಬಾಳೆಗೊನೆ ಎತ್ತಿಳಿಸಿ, ಅದರ ಸೊನೆಗೆ ಕಪ್ಪಾದ ಬೆರಳುಗಳು. ಯಾವ ಸಾಬೂನಿಗೂ ಹೋಗುತ್ತಿರಲಿಲ್ಲ. ಮೊಣಕಾಲು ಅವರ ಹೆಂಡತಿಯದು.

ನಾನು ಮೋಮಿನಪುರದಲ್ಲಿ ತಳ್ಳುಗಾಡಿಯ ಮೇಲೆ ಹಣ್ಣು ಮಾರುತ್ತಿದ್ದವನು. ಮೊದಲ ಸಲ ಅವರ ಹತ್ತಿರ ಗೊನೆ ಕೊಳ್ಳಲು ಹೋದಾಗ ಕಡಿಮೆ ದರಕ್ಕೆ ಕೇಳಿದೆ. ‘ಇಲ್ಲ’ ಎಂದರು. ನಾನು ತಿರುಗಿ ಹೊರಟೆ.

“ಎಲ್ಲಿ ಹೊಂಟಿ ತಮ್ಮಾ? ಇಲ್ಲ ಅನ್ನೂದು ಮೊದಲ್ನೇ ಭಾವ ಅದ. ಅದಕ್ಕ ಹೆದರವ ಯಾಪಾರ ಮಾಡ್ಬಾರ್ದು,” ಎಂದು ನಕ್ಕರು.

ಇಂದು ನನಗೆ ಎರಡು ಅಂಗಡಿಗಳಿವೆ. ಎರಡೂ ಆ ಮಾತಿನ ಮೇಲೆ ಎದ್ದವು.

ಅವರಿಗೆ ತೋಟವಿತ್ತು, ಕುಸನೂರಿನಲ್ಲಿ ಎರಡು ಪ್ಲಾಟಿದ್ದವು. ಆದರೂ ಸೊಪ್ಪಿನವಳ ಹತ್ತಿರ ಜಗ್ಗಾಡಿ ಕೊತ್ತಂಬರಿ ಪುಕ್ಕಟೆ ಹಾಕಿಸಿಕೊಂಡ ದಿನ ಅವರ ಮುಖ ನೋಡಬೇಕು! “ಹತ್ತು ರೂಪಾಯಿ ಉಳಿಸ್ಯಾರ. ಇವತ್ತ ಎರಡು ರೊಟ್ಟಿ ಜಾಸ್ತಿ ಉಣ್ತಾರ ನೋಡ್ರಿ,” ಎಂದು ಅವರ ಹೆಂಡತಿ, ನಾವೆಲ್ಲ ಅವ್ವಾರು ಎನ್ನುತ್ತಿದ್ದವರು, ಚಾಷ್ಟಿ ಮಾಡಿ ನಗುತ್ತಿದ್ದರು. ಅವ್ವಾರ ಆಸೆ ಇನ್ನೂ ಸಣ್ಣದು. ಹಿತ್ತಲು ದಾಟಿ ತೋಟದ ತನಕ ನಡೆಯಬೇಕು, ಅಷ್ಟೇ.

ಆಸ್ಪತ್ರೆಯವರು ಮೂರು ಲಕ್ಷ ಮೂವತ್ತು ಸಾವಿರಕ್ಕೆ ಇಳಿದರು. ಸಾಹುಕಾರರು ಮೂರಕ್ಕೆ ಹಟ ಹಿಡಿದು, ಜೊತೆಗೆ ಹೋಗಿದ್ದ ನನ್ನ ಮುಖ ನೋಡಿದರು. ನಾಚಿಕೆ ಬಿಟ್ಟು ಬರೆಯುತ್ತೇನೆ, ಆ ಮಾತು ಆಡಿದವನು ನಾನೇ: “ತಡೀರಿ ಸಾವ್ಕಾರ್ರ, ಇನ್ನೂ ಇಳೀತಾರ.” ಎದ್ದು ಬಂದೆವು. ಸೊಲ್ಲಾಪುರ, ಬೀದರ, ಹೈದರಾಬಾದು ಎಲ್ಲ ಕಡೆ ದರ ಕೇಳಿದೆವು. ಹದಿನಾಲ್ಕು ತಿಂಗಳು ಕಳೆದವು. ಅವ್ವಾರು ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದವರು, ಆಮೇಲೆ ಸೊಸೆಯ ಹೆಗಲು ಹಿಡಿದರು.

ಕೊನೆಗೆ ಆಸ್ಪತ್ರೆಯಿಂದಲೇ ಫೋನು ಬಂತು. ಮೂರು ಲಕ್ಷಕ್ಕೆ ಒಪ್ಪಿದ್ದರು! ಸಾಹುಕಾರರು ಪೇಡೆ ಹಂಚಿದರು. ನಾನೂ ತಿಂದೆ.

ಆಪರೇಷನ್ನಿಗೆ ಮುಂಚಿನ ಪರೀಕ್ಷೆಗಳಾದವು. ಡಾಕ್ಟರು ಕಾಗದ ಕೆಳಗಿಟ್ಟರು. “ಹೃದಯ ಭಾಳ ಸೋತದ. ಹೋದ ವರ್ಷ ಮಾಡಬಹುದಿತ್ತು. ಈಗ ಆಗೂದಿಲ್ರೀ.”

ಸಾಹುಕಾರರು ಮುಗುಳ್ನಕ್ಕರು. ಆ ನಗೆ ನನಗೆ ಗೊತ್ತಿತ್ತು. ‘ಇಲ್ಲ’ ಎಂಬುದನ್ನು ಮೊದಲ ದರವೆಂದು ತಿಳಿದಾಗಿನ ನಗೆ ಅದು.

“ಆತು, ಮೂರೂವರಿ ಮಾಡ್ರಿ.”

“ಸಾವ್ಕಾರ್ರ, ಮಾತು ರೊಕ್ಕದ್ದಲ್ಲ...”

“ನಾಕು.”

ಸಾಹುಕಾರರು ಕುರ್ಚಿ ಮುಂದಕ್ಕೆಳೆದುಕೊಂಡು ಕಪ್ಪು ಬೆರಳು ಅಗಲಿಸಿ ತೋರಿಸಿದರು. “ಐದು. ನಗದ.”

ಜನ್ಮದಲ್ಲಿ ಅವರು ತಾವಾಗಿ ದರ ಏರಿಸಿದ್ದನ್ನು ಕಂಡದ್ದು ಅಂದೇ. ಗಾಲಿಕುರ್ಚಿಯಲ್ಲಿದ್ದ ಅವ್ವಾರು ಅವರ ತೋಳು ಮುಟ್ಟಿದರು. “ಏಳ್ರಿ, ಮನಿಗಿ ಹೋಗೂಣು. ಅವರೇನ್ ಮಾರಾಕ ಕುಂತಾರೇನ್?”

ಆಮೇಲೆ ಸಾಹುಕಾರರು ಜಗ್ಗಾಡುವುದನ್ನೇ ಬಿಟ್ಟರು. ಹೇಳಿದಷ್ಟು ಕೊಟ್ಟು ಬರುತ್ತಿದ್ದರು. ಸೊಪ್ಪಿನವಳು ಗಾಬರಿಯಾಗಿ ತಾನೇ ಕೊತ್ತಂಬರಿ ಹಾಕಿದರೆ ಅಲ್ಲೇ ಇಟ್ಟು ಬರುತ್ತಿದ್ದರು. ಊಟ ಒಂದು ರೊಟ್ಟಿಗೆ ಇಳಿಯಿತು. ಮರುವರ್ಷ ತೀರಿಹೋದರು.

ಮಾತಾಡಿಸಲು ಹೋದಾಗ ಅವ್ವಾರು ಹೊಸ್ತಿಲ ಹತ್ತಿರ ಕೂತಿದ್ದರು. ತಪ್ಪು ನನ್ನದೂ ಇದೆ ಎಂದೆ. ಮೊಣಕಾಲು ಸವರಿಕೊಳ್ಳುತ್ತ ಅಂದರು: “ನಿಂದೇನ್ ತಪ್ಪು ತಮ್ಮಾ. ನೀವಿಬ್ರೂ ಗೆದ್ರಿ.”

ಆದ್ದರಿಂದ ಹೇಳುತ್ತೇನೆ. ದುಡ್ಡಿನಿಂದ ಸುಖವಿಲ್ಲ ಎನ್ನುವವರನ್ನು ನಂಬಬೇಡಿ. ತೋಟದ ತನಕ ನಡೆಯುವ ಸುಖ ದುಡ್ಡಿಗೆ ಸಿಗುತ್ತಿತ್ತು, ದುಡ್ಡೂ ಇತ್ತು, ನಾವು ಕೊಳ್ಳಲಿಲ್ಲ. ಹಣ್ಣಿಗೆ, ಬಟ್ಟೆಗೆ, ಪ್ಲಾಟಿಗೆ ಬೇಕಾದಷ್ಟು ಜಗ್ಗಾಡಿ. ನನ್ನ ಅಂಗಡಿಗೆ ಬಂದರೆ ನಾನೂ ಜಗ್ಗಾಡುತ್ತೇನೆ. ಮನೆಯವರ ನೋವಿಗೆ ಮಾತ್ರ ಎರಡು ಕಡೆ ದರ ಕೇಳಿ, ಮೂರನೆಯ ಕಡೆ ಹೋಗಬೇಡಿ. ಅದೇ ವಾರ ತಾರೀಖು ಬರೆಸಿ, ಮುಂಗಡ ಕಟ್ಟಿ ಬನ್ನಿ. ಹೆಚ್ಚು ಕೊಟ್ಟೆನಲ್ಲ ಎಂಬ ಸಂಕಟ ಎಂಟು ದಿನ ಇರುತ್ತದೆ, ಅಷ್ಟೇ.