ಡೌಟು ಅಂದರೆ ಇದೆಯೋ, ಇಲ್ಲವೋ?

ಇಂಗ್ಲಿಷಿನ ದೊಡ್ಡ ಪದಗಳೆಂದರೆ ನನಗೆ ಭಯವಿಲ್ಲ. ಡಿಕ್ಷನರಿ ತೆರೆದರೆ ಶರಣಾಗುತ್ತವೆ. ನಮ್ಮ ನಡುವೆ ಮನೆಯವರಂತೆ ಓಡಾಡಿಕೊಂಡಿರುವ ಸಣ್ಣ ಪದಗಳ ಮೇಲೆಯೇ ನನ್ನ ಗುಮಾನಿ. ಅದರಲ್ಲೂ ‘ಡೌಟ್’. ಹಂಪಾಪುರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾದ ನಾನು ಅದನ್ನು ನಾಮಪದವೆಂದೂ ಕ್ರಿಯಾಪದವೆಂದೂ ಎಷ್ಟೋ ಸಲ ಪಾಠ ಮಾಡಿದ್ದೇನೆ. ಅದರ ನಿಜವಾದ ಬುದ್ಧಿ ಗೊತ್ತಾದದ್ದು ಬೀಚನಹಳ್ಳಿಯ ನಮ್ಮಕ್ಕ ಜಯಮ್ಮನ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿಕೊಂಡಾಗ.

ಅಕ್ಕನನ್ನೂ ಭಾವನನ್ನೂ ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕನ್ನಡ ಬಾರದ ಎಳೆಯ ಡಾಕ್ಟರು ಗಂಟನ್ನು ಒತ್ತಿ ನೋಡಿ, ಸೂಜಿ ಚುಚ್ಚಿ ಪರೀಕ್ಷೆಗೆ ತೆಗೆದು, “ಐ ಡೌಟ್ ಇಟ್ಸ್ ಕ್ಯಾನ್ಸರ್” ಎಂದವರೇ ಮುಂದಿನ ರೋಗಿಯನ್ನು ಕರೆದರು.

ಭಾವ ಹೊರಗೆ ಬಂದು ಗೋಡೆಗೆ ಒರಗಿದರು. “ಡೌಟು ಅಂದ್ಬುಟ್ರಲ್ಲಪ್ಪಾ. ಇನ್ನೇನದೆ?”

“ಇಲ್ಲ ಭಾವ, ಇಂಗ್ಲಿಷ್ನಲ್ಲಿ ಅಂಗಂದ್ರೆ ಇರಲಾರದು ಅಂತ ಅರ್ಥ.”

“ಸುಮ್ಕಿರಿ ಮೇಷ್ಟ್ರೇ. ಪೊಲೀಸ್ನೋರು ಡೌಟು ಅಂತ ಎಳ್ಕೊಂಡೋಯ್ತಾರಲ್ಲ, ಅವ್ನು ಕಳ್ಳ ಅಲ್ಲ ಅಂತ್ಲಾ?”

ವ್ಯಾಕರಣವೇನೋ ನನ್ನ ಕಡೆಗಿತ್ತು. ಆದರೆ ಡಾಕ್ಟರು ಮಾತಾಡಿದ್ದು ಯಾವ ಇಂಗ್ಲಿಷು? ಪುಸ್ತಕದ ಇಂಗ್ಲಿಷಿನಲ್ಲಿ ಡೌಟ್ ಕ್ರಿಯಾಪದವಾದರೆ ಮುಂದಿನ ಮಾತನ್ನು ‘ಇರಲಾರದು’ ಎಂದು ದೂರ ತಳ್ಳುತ್ತದೆ. ನಮ್ಮ ಇಂಗ್ಲಿಷಿನಲ್ಲಿ ‘ಇರಬಹುದು’ ಎಂದು ಹತ್ತಿರ ಎಳೆದುಕೊಳ್ಳುತ್ತದೆ. ಆ ಡಾಕ್ಟರೂ ನನ್ನಂಥ ಮೇಷ್ಟ್ರ ಕೈಲೇ ಕಲಿತವರಲ್ಲವೆ? ಈ ಯೋಚನೆ ಬಂದ ಮೇಲೆ ನಿದ್ದೆ ಹಾರಿಹೋಯಿತು. ತರಗತಿಯಲ್ಲಿ ಮಕ್ಕಳು “ಸಾರ್, ಡೌಟು” ಎಂದು ಕೈಯೆತ್ತಿದರೂ ಅಕ್ಕನ ಕುತ್ತಿಗೆಯೇ ಕಣ್ಣ ಮುಂದೆ ಬರುತ್ತಿತ್ತು.

ರಿಪೋರ್ಟಿಗೆ ಮೂವರೂ ಹೋದೆವು. ಬರೀ ಕೊಬ್ಬಿನ ಗಂಟು! ತಡೆಯಲಾರದೆ, ಅವತ್ತು ಯಾವ ಅರ್ಥದಲ್ಲಿ ಹೇಳಿದಿರಿ ಎಂದು ಡಾಕ್ಟರನ್ನು ಕೇಳಿದೆ. ಅವರು ನನ್ನನ್ನೇ ರೋಗಿಯಂತೆ ನೋಡಿ, ಹಾಗಂದ ನೆನಪೇ ಇಲ್ಲ ಎಂದರು.

ವಾಪಸು ಬರುತ್ತ, ಊರಿನ ಬಸ್ಸು ಹಿಡಿಯಲು ಹ್ಯಾಂಡ್‌ಪೋಸ್ಟ್ ಎಂಬಲ್ಲಿ ಇಳಿದಾಗ ಅಕ್ಕ ಬಳೆಯಂಗಡಿಯ ಮುಂದೆ ನಿಂತಳು. ಭಾವ ಗದರಿದರು: “ಬಾಮ್ಮಿ ಸುಮ್ಕೆ! ಊರ್ ಬಸ್ಸು ಒಂಟೋಯ್ತದೆ. ಎಲ್ಲೋದ್ರೂ ಇದೇಯ ನಿಂದು!”

ಅಕ್ಕ ನನ್ನ ಕಡೆ ತಿರುಗಿ ನಕ್ಕಳು. “ರಿಪೋರ್ಟ್ ನೋಡಿದ್ರೂ ನಂಗೆ ನಂಬ್ಕೆ ಬಂದಿರ್ನಿಲ್ಲ ಕಣೋ. ಅವತ್ತಿಂದ ಈವಯ್ಯ ನನ್ನ ಒಂದ್ ಮಾತೂ ಬಯ್ದಿರ್ನಿಲ್ಲ. ಈಗ ಬಂತು ನೋಡು ನಂಬ್ಕೆ.”

ಹಾಗೆಂದವಳೇ, ಅವಸರವೇ ಇಲ್ಲದವಳಂತೆ ಬಳೆ ಆರಿಸತೊಡಗಿದಳು.